ರೇಡಿಯೇಟರ್ ಕಿಲುಬು ತೆಗೆಸೋಕೆ ಕೊಡುವ ಮುಂಚೆ ಇದನ್ನು ಓದಿ

ವಾಟರ್‌ಕೂಲಿಂಗ್ ಕಂಪ್ಯೂಟರ್ (ಒಳಗಿನ ಬಿಸಿಯನ್ನು ನೀರು ಹರಿಸಿ ತಣ್ಣಗೆ ಮಾಡುವುದು) ಇಟ್ಟುಕೊಂಡಿರುವ ಕೊಡಗಿನವರು ದಯವಿಟ್ಟು ಪೂರ್ತಿ ಓದಿ. ಆ ನೀರನ್ನು ಆರಿಸುವ ರೇಡಿಯೇಟರ್, ಪೈಪ್ ಜೋಡಿಸುವ ಫಿಟ್ಟಿಂಗ್ ಯಾರಿಗಾದರೂ ಕ್ಲೀನ್ ಮಾಡಲು ಕೊಡುವ ಮುಂಚೆ "ಯಾವುದರಲ್ಲಿ ತೊಳೆಯುತ್ತೀರಿ?" ಎಂದು ಕೇಳಿ. ಹೆಸರು ಹೇಳದಿದ್ದರೆ ಹಾಗೇ ವಾಪಸ್ ತನ್ನಿ. ನಾನು ಕೇಳಿದೆ, ಅವರು ಹೇಳಲಿಲ್ಲ, ಆದರೂ ಕೊಟ್ಟು ಬಂದೆ. ಈಗ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ವಿರಾಜಪೇಟೆಯಲ್ಲಿ ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಬೇಸಿಗೆಯ ಮದುವೆಗಳೆಲ್ಲ ಮಳೆಗಾಲದಲ್ಲಿ ನನ್ನ ಟೇಬಲ್‌ಗೆ ಬರುತ್ತವೆ. ಕಂಪ್ಯೂಟರನ್ನು 2021ರಲ್ಲಿ ನನ್ನ ತಮ್ಮ ಬೆಂಗಳೂರಿನಿಂದ ಒಂದೊಂದೇ ಸಾಮಾನು ತಂದು, ಮೂರು ದಿನ ಕೂತು ಜೋಡಿಸಿ ಕೊಟ್ಟಿದ್ದ. 360 ಎಂಎಂ ರೇಡಿಯೇಟರ್, ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ಸೇರಿ ನೀರು ಸುತ್ತಲು ಒಂದೇ ಲೂಪ್, ಒಟ್ಟು 14 ಫಿಟ್ಟಿಂಗ್. "ವರ್ಷಕ್ಕೊಮ್ಮೆ ಒಳಗೆ ಹರಿಯುವ ಕೂಲಂಟ್ ದ್ರವ ಬದಲಾಯಿಸು ಅಕ್ಕ, ಬೇರೆ ನೀರು ಮಾತ್ರ ಹಾಕಬೇಡ" ಅಂದಿದ್ದ. ಎರಡು ವರ್ಷ ಬದಲಾಯಿಸಿರಲಿಲ್ಲ. ಒಮ್ಮೆ ಕಡಿಮೆ ಆಯಿತೆಂದು ಅಡುಗೆಮನೆಯ ಫಿಲ್ಟರ್ ನೀರನ್ನೇ ಹಾಕಿದ್ದೆ. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ.

ಈ ಕಕ್ಕಡ ತಿಂಗಳ ಮಳೆಯಲ್ಲಿ ತೊಂದರೆ ಶುರುವಾಯಿತು. ಮೊದಲು ಎಷ್ಟು ರೆಂಡರ್ (ಎಡಿಟ್ ಆದ ವಿಡಿಯೋವನ್ನು ಪೂರ್ತಿ ಫೈಲ್ ಮಾಡುವುದು) ಮಾಡಿದರೂ 65 ಡಿಗ್ರಿ ದಾಟದ ಪ್ರೊಸೆಸರ್ 92ಕ್ಕೆ ಹೋಗುತ್ತಿತ್ತು. ನೀರು ತೆಗೆದು ಫಿಟ್ಟಿಂಗ್ ಬಿಚ್ಚಿದರೆ ಒಳಗೆ ಹಸಿರು. ದೇವರ ಮೂಲೆಯಲ್ಲಿ ತಿಂಗಳುಗಟ್ಟಲೆ ಮುಟ್ಟದ ಹಿತ್ತಾಳೆ ದೀಪಕ್ಕೆ ಹಿಡಿಯುತ್ತದಲ್ಲ, ಅದೇ ಕಿಲುಬು. ಹಿತ್ತಾಳೆಯ ಮೇಲಿನ ನಿಕಲ್ ಕೋಟಿಂಗ್ ಎದ್ದ ಕಡೆಯೆಲ್ಲ ಪುಡಿಪುಡಿಯಾಗಿ ಕೂತಿತ್ತು. ಪ್ರೊಸೆಸರ್ ಮೇಲೆ ಕೂರುವ ಲೋಹದ ಬ್ಲಾಕಿನ ಸಣ್ಣ ಗೆರೆಗಳಲ್ಲಿ ಹಸಿರು ಕೆಸರು ಕಟ್ಟಿಕೊಂಡಿತ್ತು.

ತಮ್ಮನಿಗೆ ಹೇಳಲು ನಾಚಿಕೆ ಆಯಿತು. ಅಲ್ಲೇ ನಾನು ಎಡವಿದ್ದು.

ಪರಿಚಯದವರೊಬ್ಬರು ಕುಶಾಲನಗರದ ಕಡೆಯ ಒಂದು ಅಂಗಡಿ ಹೇಳಿದರು. ಫೋನ್ ಮಾಡಿದೆ. "ತನ್ನಿ ಅಕ್ಕ, ವಾಟರ್‌ಕೂಲಿಂಗ್ ಎಲ್ಲ ನಾವೇ ಮಾಡೋದು, 1,200 ಆಗುತ್ತೆ" ಅಂದರು. ರೇಡಿಯೇಟರ್, ಫಿಟ್ಟಿಂಗ್, ಬ್ಲಾಕ್ ಎಲ್ಲ ಹಳೇ ಟವೆಲ್‌ನಲ್ಲಿ ಸುತ್ತಿ, ಆ ಮಳೆಯಲ್ಲಿ ಸಿದ್ದಾಪುರದ ಮೇಲಿನ ಬಸ್ಸು ಹಿಡಿದು ಹೋದೆ. ಯಾವುದರಲ್ಲಿ ತೊಳೆಯುತ್ತೀರಿ ಎಂದು ಕೇಳಿದೆ. "ನಮ್ಮದೇ ಸ್ಪೆಷಲ್ ಕೆಮಿಕಲ್ ಅಕ್ಕ, ದುಬೈಯಿಂದ ತರಿಸೋದು. ಹೆಸರು ಹೇಳಿದ್ರೆ ನಿಮಗೆ ಗೊತ್ತಾಗಲ್ಲ." ಆ ಮಾತಿಗೇ ನಾನು ಎದ್ದು ಬರಬೇಕಿತ್ತು. ರೇಡಿಯೇಟರ್ ತಾಮ್ರದ್ದಾ ಅಲ್ಯೂಮಿನಿಯಂದಾ ಎಂದು ಕೂಡ ಅವರು ಕೇಳಲಿಲ್ಲ. ಕೆಲಸ ಗೊತ್ತಿರುವವರು ಮೊದಲು ಅದನ್ನೇ ಕೇಳುತ್ತಾರೆ ಅಲ್ವಾ? ಅಲ್ಯೂಮಿನಿಯಂ ಆಗಿದ್ದರೆ ತೊಳೆಯುವ ರೀತಿಯೇ ಬೇರೆ.

ಎರಡು ದಿನ ಬಿಟ್ಟು ಹೋದೆ. 1,200 ಹೋಗಿ 1,800 ಆಗಿತ್ತು. "ಕಿಲುಬು ಜಾಸ್ತಿ ಇತ್ತು ಅಕ್ಕ, ರಾತ್ರಿಯೆಲ್ಲ ನೆನೆಸಿದ್ವಿ." ಕೊಟ್ಟೆ. ಸಾಮಾನು ಹೊಳೆಯುತ್ತಿತ್ತು, ಹಸಿರು ಒಂದು ಚೂರೂ ಇರಲಿಲ್ಲ. ಅಂಗಡಿಯೊಳಗೆ ಕರೆಂಟ್ ಇರಲಿಲ್ಲ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ನೋಡಿ ಖುಷಿಯಾಗಿ ಥ್ಯಾಂಕ್ಸ್ ಹೇಳಿ ಬಂದೆ. ಥ್ಯಾಂಕ್ಸ್ ಬೇರೆ ಹೇಳಿದೆ!

ಮನೆಗೆ ಬಂದು ಕಿಟಕಿ ಹತ್ತಿರ ಬಿಚ್ಚಿದಾಗ ಕೈ ನಿಂತಿತು. ಬೆಳ್ಳಿ ಬಣ್ಣದ ಫಿಟ್ಟಿಂಗ್‌ಗಳಲ್ಲಿ ಅರ್ಧಕ್ಕರ್ಧ ಬೆಳ್ಳಿಯೇ ಇಲ್ಲ. ಕೆಳಗೆ ಹಿತ್ತಾಳೆಯ ಹಳದಿಯಾದರೂ ಇರಬೇಕಿತ್ತು, ಅದೂ ಇಲ್ಲ. ಗುಲಾಬಿ ಬಣ್ಣ. ಮಕ್ಕಳ ಬಾಯಿಯ ಒಸಡಿನ ಹಾಗೆ ಗುಲಾಬಿ. ಉಗುರಿನಿಂದ ಕೆರೆದರೆ ಥ್ರೆಡ್ ಮೇಲಿಂದ ಪುಡಿ ಬಂತು. ಸೋರದಂತೆ ತಡೆಯುವ ರಬ್ಬರಿನ ಓ ರಿಂಗ್‌ಗಳನ್ನು ಬಿಚ್ಚದೇ ಹಾಗೇ ಮುಳುಗಿಸಿದ್ದರು, ಎರಡು ಊದಿಕೊಂಡಿದ್ದವು. ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ: "ಅದು ಒರಿಜಿನಲ್ ಕಲರ್ ಅಕ್ಕ. ಕೊಳೆ ಹೋದ ಮೇಲೆ ಹಾಗೇ ಕಾಣೋದು."

ನಂಬಿದೆ. ಕೆಲಸ ಬಾಕಿ ಇತ್ತು, ಎರಡು ಮನೆಯವರು ದಿನಾ ಫೋನ್ ಮಾಡುತ್ತಿದ್ದರು. ಓ ರಿಂಗ್ ಬದಲಿಸಿ ಜೋಡಿಸಿದೆ, ಹೊಸ ಕೂಲಂಟ್ ಹಾಕಿದೆ. ನೀರಿನ ಹಾಗೆ ತಿಳಿಯಾದ ಕೂಲಂಟ್ ಮೂರನೇ ದಿನಕ್ಕೆ ತಿಳಿ ನೀಲಿ ಹಸಿರಾಯಿತು. ಮತ್ತೆ ಫೋನ್ ಮಾಡಿದರೆ, "ಹೊಸದರಲ್ಲಿ ಹಾಗೇ, ಸೆಟ್ ಆಗುತ್ತೆ ಬಿಡಿ."

ಒಂಬತ್ತನೇ ದಿನ ರಾತ್ರಿ ರೆಂಡರ್‌ಗೆ ಹಾಕಿ ಮಲಗಿದ್ದೆ. ಪಂಪ್ ಗುರ್ ಎನ್ನುವ ಸದ್ದಿಗೆ ಎಚ್ಚರವಾಯಿತು. ಹೋಗಿ ನೋಡಿದರೆ ಟ್ಯಾಂಕ್‌ನಲ್ಲಿ ಅರ್ಧ ನೀರಿಲ್ಲ. ರೇಡಿಯೇಟರ್ ಮೂಲೆಯಲ್ಲಿ ಬೆಸುಗೆ ಇರುವ ಕಡೆ ಒಂದು ಹನಿ ನೇತಾಡುತ್ತಿತ್ತು. ನಾನು ನೋಡುತ್ತಿದ್ದಂತೆ ಅದು ಬಿತ್ತು, ಇನ್ನೊಂದು ಕೂಡಿತು. ಕೆಳಗೆ ಗ್ರಾಫಿಕ್ಸ್ ಕಾರ್ಡ್. ಸ್ವಿಚ್ ಕಿತ್ತು ಹಾಕಿದೆ, ಆದರೆ ಆಗಲೇ ತಡವಾಗಿತ್ತು. ಕಾರ್ಡ್ ಹೋಯಿತು. 38,000 ರೂಪಾಯಿಯ ಕಾರ್ಡ್.

ಮರುದಿನ ರೇಡಿಯೇಟರ್ ಹಿಡಿದುಕೊಂಡೇ ಅಂಗಡಿಗೆ ಹೋದೆ. "ನೀವೇ ಸರಿಯಾಗಿ ಟೈಟ್ ಮಾಡಿಲ್ಲ" ಅಂದರು. ಸೋರಿದ್ದು ಫಿಟ್ಟಿಂಗ್ ಅಲ್ಲ, ಬೆಸುಗೆ ಎಂದು ತೋರಿಸಿದೆ. "ಹಳೇ ಐಟಂ ಅಕ್ಕ, ನಾವು ಗ್ಯಾರಂಟಿ ಅಂತ ಹೇಳಿದ್ವಾ?" ಗುಲಾಬಿ ಬಣ್ಣ ತೋರಿಸಿದೆ. "ಹೊಳೀತಿತ್ತಲ್ಲ, ಆವತ್ತು ಖುಷಿಯಾಗಿ ತಗೊಂಡು ಹೋದ್ರಲ್ಲ!" ಈ ಮಾತು ಇವತ್ತಿಗೂ ಚುಚ್ಚುತ್ತದೆ. ಆಗ ಒಳಗಿಂದ ಕೆಲಸದ ಹುಡುಗ ಬಕೆಟ್ ಹಿಡಿದು ಬಂದ. ಪಾಪ, ಅವನಿಗೆ ಏನೂ ಗೊತ್ತಿಲ್ಲ. ಇದಕ್ಕೆ ಏನು ಹಾಕುತ್ತೀಯಪ್ಪಾ ಎಂದು ಕೇಳಿದೆ. "ಬಾತ್‌ರೂಮ್ ಆಸಿಡ್ ಅಕ್ಕ. ಅರ್ಧ ಗಂಟೆಗೆ ಬೆಳ್ಳಗಾಗುತ್ತೆ" ಅಂದ. ಬಾತ್‌ರೂಮ್ ಆಸಿಡ್! ನಮ್ಮ ಮನೆಯ ಕಮೋಡ್‌ಗೆ ಹಾಕುವುದು. ಅದಕ್ಕೆ ದುಬೈ ಹೆಸರು, ಅದಕ್ಕೆ 1,800. ಅವರು ಹುಡುಗನಿಗೆ ಬೈದರು. ನನ್ನ ಕಡೆ ತಿರುಗಿ "ಎಲ್ಲರೂ ಹೀಗೇ ಮಾಡೋದು" ಅಂದರು. ಅಷ್ಟೇ. ಕ್ಷಮಿಸಿ ಎಂದೂ ಹೇಳಲಿಲ್ಲ, ಒಂದು ರೂಪಾಯಿ ಕೊಡಲಿಲ್ಲ.

ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ, ಅದಕ್ಕೇ ಇನ್ನೂ ಜಾಸ್ತಿ ಅಳು ಬಂತು. ಅವನು ಬಿಡಿಸಿ ಹೇಳಿದ. ಫಿಟ್ಟಿಂಗ್ ಮೇಲಿನ ನಿಕಲ್ ತೀರಾ ತೆಳು. ಬಾತ್‌ರೂಮ್ ಆಸಿಡ್‌ನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ರಾತ್ರಿಯಿಡೀ ಇಟ್ಟರೆ ಆ ಪದರ ಉಳಿಯುವುದಿಲ್ಲ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಆಸಿಡ್ ಮೊದಲು ಸತುವನ್ನು ತಿಂದು ಬರೀ ತಾಮ್ರ ಬಿಡುತ್ತದೆ. ಆ ಗುಲಾಬಿ ಬಣ್ಣ ಅದೇ. ಮೇಲಿಂದ ಗಟ್ಟಿ ಕಂಡರೂ ಒಳಗೆ ಟೊಳ್ಳು. ರೇಡಿಯೇಟರ್‌ನ ಬೆಸುಗೆಯೂ ಹಾಗೇ ಸವೆದಿದೆ. ಸರಿಯಾಗಿ ತೊಳೆಯದೆ ಒಳಗೇ ಉಳಿದ ಆಸಿಡ್ ಆಮೇಲೂ ತಾಮ್ರ ತಿನ್ನುತ್ತಿತ್ತು, ಕೂಲಂಟ್ ನೀಲಿ ಹಸಿರಾಗಿದ್ದು ಅದಕ್ಕೆ. ಮನೆಯ ದೀಪಕ್ಕೆ ಹುಣಸೆಹುಳಿ ಹಚ್ಚಿದರೂ ಉಜ್ಜಿ ಕೂಡಲೇ ನೀರು ಹಾಕುತ್ತೇವೆ. ರಾತ್ರಿಯಿಡೀ ಹುಳಿಯಲ್ಲಿ ಮುಳುಗಿಸಿ ಯಾರಾದರೂ ಇಡುತ್ತಾರಾ?

ತಾಮ್ರ, ಹಿತ್ತಾಳೆ ರೇಡಿಯೇಟರ್ ಆದರೆ ಮನೆಯಲ್ಲೇ ಮಾಡಬಹುದಂತೆ. ಬಿಸಿ ಡಿಸ್ಟಿಲ್ಡ್ ವಾಟರ್ ತುಂಬಿಸಿ ಚೆನ್ನಾಗಿ ಕುಲುಕಿ ಚೆಲ್ಲಬೇಕು, ಕೆಸರು ಬರುವುದು ನಿಲ್ಲುವ ತನಕ. ಕಿಲುಬು ಬಿಡದಿದ್ದರೆ ಮಾತ್ರ ಬಿಳಿ ವಿನೆಗರ್ ಬೆರೆಸಿದ ಡಿಸ್ಟಿಲ್ಡ್ ವಾಟರ್, ಅದೂ ಸ್ವಲ್ಪ ಹೊತ್ತು. ಫಿಟ್ಟಿಂಗ್‌ಗೆ ಓ ರಿಂಗ್ ಬಿಚ್ಚಿ, ಮೆತ್ತನೆ ಹಲ್ಲುಜ್ಜುವ ಬ್ರಷ್, ಕೆಲವೇ ನಿಮಿಷ, ಪಕ್ಕದಲ್ಲೇ ನಿಂತು ನೋಡುತ್ತಾ. ಆಮೇಲೆ ಅಡುಗೆ ಸೋಡಾ ನೀರು, ಮತ್ತೆ ಮತ್ತೆ ಡಿಸ್ಟಿಲ್ಡ್ ವಾಟರ್. ಜೋಡಿಸಿದ ಮೇಲೆ ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು, ಸೋರಿದರೆ ಗೊತ್ತಾಗಲು ಸುತ್ತ ಟಿಶ್ಯೂ ಪೇಪರ್ ಇಟ್ಟು 24 ಗಂಟೆ ಓಡಿಸಿ. ಇದೊಂದನ್ನು ನಾನು ಮಾಡಿದ್ದರೆ ಬಹುಶಃ ಕಾರ್ಡ್ ಉಳಿಯುತ್ತಿತ್ತು.

ಅಂಗಡಿಯವರು ಈಗ ನನ್ನ ಫೋನ್ ಎತ್ತುವುದಿಲ್ಲ. ಮೆಸೇಜ್ ನೋಡುತ್ತಾರೆ, ಉತ್ತರ ಇಲ್ಲ. ಆ ರೇಡಿಯೇಟರ್, 14 ಗುಲಾಬಿ ಫಿಟ್ಟಿಂಗ್ ಎಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಎತ್ತಿಟ್ಟಿದ್ದೇನೆ. ನಿಮ್ಮದು ಯಾರ ಹತ್ತಿರವೋ ತೊಳೆಸಿಕೊಂಡು ಬಂದು ಬಣ್ಣ ನೋಡಿ ಅನುಮಾನ ಬಂದರೆ, ಓಡಿಸಬೇಡಿ. ವಿರಾಜಪೇಟೆ ಕಡೆಯವರಾದರೆ ತನ್ನಿ, ನನ್ನದರ ಪಕ್ಕ ಇಟ್ಟು ನೋಡೋಣ.