ಲಕ್ಷ ಫೋಟೋ ಜೋಡಿಸಲು ಡಿಜಿಕ್ಯಾಮ್: ಏನು ಚೆನ್ನ, ಎಲ್ಲಿ ಎಡವುತ್ತದೆ

ಫೋಟೋ ಜೋಡಿಸುವ ಪಿಕಾಸಾ ತಂತ್ರಾಂಶ ಬಳಸಿದವರಿಗೆ 2016 ಮರೆತಿರಲಿಕ್ಕಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಗೂಗಲ್ ಅದರ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿತು. ಫೋಟೋಗಳೇನೋ ಡಿಸ್ಕಿನಲ್ಲೇ ಉಳಿದವು. ಆದರೆ ವರ್ಷಗಟ್ಟಲೆ ಕೂತು ಮುಖಗಳಿಗೆ ಕೊಟ್ಟ ಹೆಸರು, ಮಾಡಿದ ಆಲ್ಬಂ, ಹಾಕಿದ ಕ್ರಾಪ್ ಎಲ್ಲ ಪಿಕಾಸಾದ್ದೇ ಡೇಟಾಬೇಸು ಮತ್ತು ಫೋಲ್ಡರುಗಳಲ್ಲಿ ಅಡಗಿಸಿಟ್ಟ ಅದರ ಸಣ್ಣ ಫೈಲುಗಳೊಳಗೆ ಸಿಕ್ಕಿಕೊಂಡವು. 3.9ನೇ ಆವೃತ್ತಿಯಲ್ಲಿ ಹೆಸರನ್ನು ಫೋಟೋದೊಳಗೇ ಬರೆಯುವ ಆಯ್ಕೆಯೊಂದು ಇತ್ತು. ಅದನ್ನು ಹುಡುಕಿ ಆನ್ ಮಾಡಿಕೊಂಡಿದ್ದವರ ಹೆಸರುಗಳು ಮಾತ್ರ ಬಚಾವಾದವು.

ಆದ್ದರಿಂದ ಫೋಟೋ ಜೋಡಿಸುವ ಯಾವುದೇ ತಂತ್ರಾಂಶವನ್ನು ಅಳೆಯುವಾಗ ಮೊದಲು ಕೇಳಬೇಕಾದ್ದು ಒಂದೇ: ನಾಳೆ ಇದನ್ನು ಬಿಟ್ಟು ಹೊರಟರೆ, ನಾನು ಹಾಕಿದ ಹೆಸರು, ಊರು, ಟಿಪ್ಪಣಿ, ತಾರೀಕು ಫೋಟೋದ ಜತೆ ಬರುತ್ತವೆಯೇ? ಹುಡುಕಾಟದ ಚುರುಕು, ಚಂದದ ಮುಖಪುಟ ಎಲ್ಲ ಆಮೇಲಿನ ಮಾತು.

ಈ ಪ್ರಶ್ನೆಗೆ ಗೂಗಲ್ ಫೋಟೋಸ್ ಅರ್ಧ ಅಂಕವಷ್ಟೇ ಪಡೆಯುತ್ತದೆ. ಹುಡುಕಾಟದಲ್ಲಿ ಅದನ್ನು ಮೀರಿಸುವುದು ಕಷ್ಟ, ನಿಜ. ಆದರೆ 2021ರ ಜೂನ್ 1ರಿಂದ ಅಪರಿಮಿತ ಉಚಿತ ಜಾಗ ಹೋಯಿತು. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್ ಮತ್ತು ಡ್ರೈವ್ ಜತೆ ಹಂಚಿಕೊಳ್ಳಬೇಕು. ಸ್ಟೋರೇಜ್ ಸೇವರ್ ಆಯ್ಕೆಯಲ್ಲಿಟ್ಟರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಚಿತ್ರಗಳು ಕುಗ್ಗುತ್ತವೆ. ನಿಜವಾದ ತೊಡಕು ಗೊತ್ತಾಗುವುದು ಟೇಕ್‌ಔಟ್ ಮೂಲಕ ಎಲ್ಲವನ್ನೂ ಹೊರತೆಗೆದಾಗ. ಅಲ್ಲಿ ನೀವು ಸರಿಪಡಿಸಿದ ತಾರೀಕು, ಬರೆದ ಟಿಪ್ಪಣಿ, ಸೇರಿಸಿದ ಸ್ಥಳ ಚಿತ್ರದೊಳಗೆ ಇರುವುದಿಲ್ಲ, ಪಕ್ಕದ ಜೆಸನ್ ಎಂಬ ಪಠ್ಯ ಫೈಲಿನಲ್ಲಿರುತ್ತದೆ. ಚಿತ್ರದ ಹೆಸರು ಉದ್ದವಾಗಿದ್ದರೆ ಜೆಸನ್ ಹೆಸರು ನಡುವೆ ತುಂಡಾಗಿ ಜೋಡಿ ತಪ್ಪುತ್ತದೆ. ಫೋಟೋದೊಳಗಿನ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್ ಬಲ್ಲವರು ಮತ್ತೆ ಕೂಡಿಸಿಕೊಳ್ಳಬಹುದು, ಉಳಿದವರಿಗೆ ತಲೆನೋವು.

ಅಡೋಬ್‌ನ ಲೈಟ್‌ರೂಮ್ ಕ್ಲಾಸಿಕ್ ಬೇರೆ ವರ್ಗ. ರಾ ಫೈಲುಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಚಿತ್ರಗಳನ್ನು) ತಿದ್ದುವುದೇ ಮುಖ್ಯ ಕೆಲಸವಾದರೆ ಅದಕ್ಕೆ ಕೊಡುವ ಚಂದಾ ದಂಡವಲ್ಲ. ಆದರೆ ಅದು ತಾನಾಗಿ ಎಲ್ಲವನ್ನೂ ಕ್ಯಾಟಲಾಗ್ ಎಂಬ ತನ್ನದೇ ಡೇಟಾಬೇಸಿನಲ್ಲಷ್ಟೇ ಇಡುತ್ತದೆ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಬದಲಾವಣೆಗಳನ್ನು ಎಕ್ಸ್‌ಎಂಪಿಗೆ, ಅಂದರೆ ಬೇರೆ ತಂತ್ರಾಂಶಗಳೂ ಓದಬಲ್ಲ ಮಾದರಿಗೆ, ಬರೆಯುವ ಗುಂಡಿಯನ್ನು ನೀವೇ ಒತ್ತಬೇಕು. ಚಂದಾ ನಿಲ್ಲಿಸಿದರೆ ಲೈಬ್ರರಿ ತೆರೆಯುತ್ತದೆ, ತಿದ್ದುವ ವಿಭಾಗಕ್ಕೆ ಬೀಗ ಬೀಳುತ್ತದೆ. ಕುಟುಂಬದ ಫೋಟೋ ಜೋಡಿಸಲು ಮಾತ್ರ ಬೇಕೆಂದರೆ ಇಷ್ಟು ಖರ್ಚು ಬೇಡ.

ಉಳಿದದ್ದು ಡಿಜಿಕ್ಯಾಮ್. ಕೆಡಿಇ ಸಮುದಾಯದ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನೋಡಲು ಸುಂದರವೇನಲ್ಲ. ಎರಡೂ ಬದಿಗಳಲ್ಲಿ ಅಡ್ಡ ಬಿದ್ದ ಅಕ್ಷರಗಳ ಟ್ಯಾಬುಗಳು, ಒಳಗೆ ಮುಗಿಯದ ಸೆಟ್ಟಿಂಗುಗಳು. ಮೊದಲ ದಿನ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಮೇಲಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಇದೇ, ಮೊದಲ ಅರ್ಧ ಗಂಟೆಯಲ್ಲಿ ಸೆಟ್ಟಿಂಗ್ ಸರಿ ಮಾಡಿಕೊಂಡರೆ.

ಮೊದಲ ಸಲ ತೆರೆದಾಗ ಅದು ಮಾಹಿತಿಯನ್ನು ಫೈಲುಗಳಿಗೆ ಸೇರಿಸಬೇಕೇ, ಬೇಡವೇ ಎಂದು ಕೇಳುತ್ತದೆ. ಸೇರಿಸು ಎನ್ನಿ. ಆಮೇಲೆ ಮೆಟಾಡೇಟಾ (ಚಿತ್ರದ ಬಗೆಗಿನ ಮಾಹಿತಿ) ಸೆಟ್ಟಿಂಗಿಗೆ ಹೋಗಿ ಟ್ಯಾಗ್, ಶೀರ್ಷಿಕೆ, ರೇಟಿಂಗ್, ಮುಖದ ಗುರುತು, ಸ್ಥಳ ಇವಿಷ್ಟಕ್ಕೂ ಟಿಕ್ ಬಿದ್ದಿದೆಯೇ ನೋಡಿ. ಮುಖದ ಗುರುತಿನ ಟಿಕ್ ಬಿಟ್ಟುಹೋದರೆ ಹೆಸರು ಉಳಿದೀತು, ಯಾವ ಮುಖ ಯಾರದು ಎಂಬ ಚೌಕಟ್ಟು ಉಳಿಯದು. ರಾ ಫೈಲಿನೊಳಗೇ ಬರೆಯುವ ಆಯ್ಕೆಯೂ ಅಲ್ಲೇ ಇದೆ, ಅದನ್ನು ಮುಟ್ಟಬೇಡಿ. ಜೆಪೆಗ್‌ಗೆ ಒಳಗೆ, ರಾ ಫೈಲಿಗೆ ಪಕ್ಕದಲ್ಲಿ ಎಕ್ಸ್‌ಎಂಪಿ ಫೈಲು: ಇದು ಸುರಕ್ಷಿತ ಹಂಚಿಕೆ. ಒಂದೇ ಒಂದು ಅಡ್ಡಪರಿಣಾಮ ಎಂದರೆ, ಜೆಪೆಗ್ ಒಳಗೆ ಒಂದು ಟ್ಯಾಗ್ ಬರೆದರೂ ಫೈಲು ಬದಲಾದಂತೆ, ಕ್ಲೌಡ್ ಬ್ಯಾಕಪ್ ಅದನ್ನು ಮತ್ತೆ ಪೂರ್ತಿ ಮೇಲೇರಿಸಬಹುದು. ಅಪ್‌ಲೋಡ್ ನಿಧಾನವಿರುವ ಮನೆಯಲ್ಲಿ ಟ್ಯಾಗ್ ಹಾಕುವ ಕೆಲಸ ಮುಗಿಯುವವರೆಗೆ ಬ್ಯಾಕಪ್ ತಡೆದಿಡುವುದು ವಾಸಿ.

ಪಕ್ಕದ ಫೈಲಿನ ಹೆಸರಿನಲ್ಲೂ ಒಂದು ತಕರಾರಿದೆ. ಲೈಟ್‌ರೂಮ್ ಮೂಲ ಹೆಸರಿನ ವಿಸ್ತರಣೆ ತೆಗೆದು ಎಕ್ಸ್‌ಎಂಪಿ ಎಂದು ಸೇರಿಸುತ್ತದೆ. ಡಿಜಿಕ್ಯಾಮ್ ವಿಸ್ತರಣೆ ಉಳಿಸಿಕೊಂಡು ಅದರ ಮುಂದೆ ಸೇರಿಸುತ್ತದೆ. ಒಂದು ಬರೆದದ್ದು ಇನ್ನೊಂದಕ್ಕೆ ಕಾಣದಿರುವುದಕ್ಕೆ ಇದೇ ಕಾರಣ. ವಾಣಿಜ್ಯ ತಂತ್ರಾಂಶಗಳಿಗೆ ಹೊಂದುವ ಹೆಸರಿಡುವ ಆಯ್ಕೆ ಡಿಜಿಕ್ಯಾಮಿನಲ್ಲಿದೆ. ಆದರೆ ಒಂದೇ ಕ್ಲಿಕ್ಕಿಗೆ ರಾ ಮತ್ತು ಜೆಪೆಗ್ ಎರಡನ್ನೂ ಉಳಿಸುವ ಕ್ಯಾಮೆರಾ ಇದ್ದರೆ ಅದನ್ನು ಆನ್ ಮಾಡುವ ಮುನ್ನ ಯೋಚಿಸಿ: ಎರಡಕ್ಕೂ ಒಂದೇ ಹೆಸರಿನ ಫೈಲು ಪಾಲಿಗೆ ಬರುತ್ತದೆ.

ಡಿಜಿಕ್ಯಾಮ್ ತನ್ನ ಲೆಕ್ಕ ಇಟ್ಟುಕೊಳ್ಳುವ ಡೇಟಾಬೇಸು ಎಸ್‌ಕ್ಯುಲೈಟ್. ಸುಮಾರು ಒಂದು ಲಕ್ಷ ಚಿತ್ರಗಳವರೆಗೆ ಅದೇ ಸಾಕು, ಅದಕ್ಕೂ ಮೀರಿದರೆ ಮರಿಯಾಡಿಬಿ ಎಂಬ ದೊಡ್ಡ ಡೇಟಾಬೇಸಿಗೆ ಹೋಗಬೇಕು. ಚಿತ್ರಗಳು ನಿಧಾನದ ದೊಡ್ಡ ಹಾರ್ಡ್ ಡಿಸ್ಕಿನಲ್ಲಿರಲಿ, ಡೇಟಾಬೇಸು ಮಾತ್ರ ಎಸ್‌ಎಸ್‌ಡಿಯಲ್ಲಿರಲಿ. ಅನುಭವದ ವ್ಯತ್ಯಾಸ ಇಷ್ಟರಿಂದಲೇ ಬರುತ್ತದೆ. ನೆಟ್‌ವರ್ಕ್ ಡ್ರೈವಿನಲ್ಲಂತೂ ಎಸ್‌ಕ್ಯುಲೈಟ್ ಇಡಲೇಬೇಡಿ, ಕೆಡಬಹುದು. ಹೊರಗಿನ ಡಿಸ್ಕಿನಲ್ಲಿ ಫೋಟೋ ಇದ್ದರೆ ಅದನ್ನು ಸ್ಥಳೀಯ ಸಂಗ್ರಹ ಎಂದಲ್ಲ, ತೆಗೆದುಹಾಕಬಹುದಾದ ಸಾಧನ ಎಂದೇ ಸೇರಿಸಿ.

ಫೈಲುಗಳನ್ನು ಹೊರಗಿನಿಂದ ಎತ್ತಿ ಬೇರೆ ಫೋಲ್ಡರಿಗೆ ಹಾಕಿದರೆ ಲೈಟ್‌ರೂಮ್ ಕಾಣೆಯಾಗಿದೆ ಎಂದು ಗುರುತು ತೋರಿಸಿ ಕೂರುತ್ತದೆ. ಡಿಜಿಕ್ಯಾಮ್ ಪ್ರತಿ ಫೈಲಿನ ಮೊದಲ ಮತ್ತು ಕೊನೆಯ 100 ಕೆಬಿ ಓದಿ ಒಂದು ಗುರುತು ಮಾಡಿಟ್ಟುಕೊಂಡಿರುತ್ತದೆ. ಹಾಗಾಗಿ ಜಾಗ ಬದಲಾದರೂ ಮುಂದಿನ ಸ್ಕ್ಯಾನಿನಲ್ಲಿ ಹೆಚ್ಚಿನ ಪಾಲು ಪತ್ತೆ ಹಚ್ಚುತ್ತದೆ. ಜಾಗವನ್ನೂ ಬದಲಿಸಿ, ಅದೇ ಹೊತ್ತಿಗೆ ಬೇರೆ ತಂತ್ರಾಂಶದಲ್ಲಿ ಫೈಲನ್ನೂ ತಿದ್ದಿದರೆ ಮಾತ್ರ ಅದಕ್ಕೂ ದಿಕ್ಕು ತಪ್ಪುತ್ತದೆ.

ಇನ್ನು ಕನ್ನಡದ ಮಾತು. ಟ್ಯಾಗುಗಳನ್ನು ಕನ್ನಡದಲ್ಲಿ ಹಾಕಬಹುದೇ ಎಂದರೆ, ಧಾರಾಳವಾಗಿ. ಎಕ್ಸ್‌ಎಂಪಿ ಯೂನಿಕೋಡ್ ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ಫೋಟೋದೊಳಗೆ ಮಾಹಿತಿ ಇಡುವ ಹಳೆಯ ಮಾದರಿಯಾದ ಐಪಿಟಿಸಿ ಕಟ್ಟಿನಲ್ಲಿ. ಅದರಲ್ಲಿ ಒಂದು ಕೀವರ್ಡಿಗೆ 64 ಬೈಟ್, ಊರಿನ ಹೆಸರಿಗೆ 32 ಬೈಟ್ ಮಾತ್ರ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು, ಸ್ವರಚಿಹ್ನೆ ಮತ್ತು ಅರ್ಧಾಕ್ಷರದ ಗುರುತನ್ನೂ ಬೇರೆಯಾಗಿ ಲೆಕ್ಕ ಹಾಕಿ. ‘ಬೆಂಗಳೂರು’ 8 ಸಂಕೇತ, 24 ಬೈಟ್, ಸರಿಹೋಯಿತು. ‘ಶ್ರವಣಬೆಳಗೊಳ’ 11 ಸಂಕೇತ, 33 ಬೈಟ್. ಒಂದೇ ಬೈಟ್ ಹೆಚ್ಚು! ಎಕ್ಸಿಫ್‌ಟೂಲ್ ಆ ಒಂದು ಬೈಟನ್ನು ಕತ್ತರಿಸಿ ಒಂದು ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತದೆ; ಕೊನೆಯ ಳಕಾರ ಮುರಿದು ಪ್ರಶ್ನೆಚಿಹ್ನೆಯೋ ಚೌಕವೋ ಆಗಿ ಕಾಣುತ್ತದೆ. ಡಿಜಿಕ್ಯಾಮಿನ ಮೆಟಾಡೇಟಾ ಸೆಟ್ಟಿಂಗಿನ ಅಡ್ವಾನ್ಸ್‌ಡ್ ಪುಟದಲ್ಲಿ ಟ್ಯಾಗುಗಳನ್ನು ಯಾವ ಯಾವ ಕಟ್ಟಿಗೆ ಬರೆಯಬೇಕೆಂಬ ಪಟ್ಟಿ ಇದೆ. ಅಲ್ಲಿ ಐಪಿಟಿಸಿ ಕೀವರ್ಡ್ ಸಾಲಿನ ಟಿಕ್ ತೆಗೆದರೆ ಟ್ಯಾಗುಗಳ ಮಟ್ಟಿಗೆ ಈ ಕಾಟ ತಪ್ಪುತ್ತದೆ.

ಫೋಲ್ಡರ್ ಮತ್ತು ಫೈಲಿನ ಹೆಸರಿಗೆ ಮಾತ್ರ ಕನ್ನಡ ಬೇಡ. ‘ಮೈಸೂರು’ ಎಂಬಲ್ಲಿನ ಐತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡಾಗಿ ಒಡೆದೂ ಇಡಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರುಗಳನ್ನು ಒಡೆದೇ ಇಡುತ್ತದೆ. ಅಲ್ಲಿಂದ ವಿಂಡೋಸಿಗೋ ಲಿನಕ್ಸಿಗೋ ನಕಲು ಮಾಡಿದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಮೈಸೂರು ಫೋಲ್ಡರುಗಳು ಹುಟ್ಟಬಹುದು. ವರ್ಷ, ತಿಂಗಳು, ದಿನ, ಗಂಟೆ ನಿಮಿಷ ಸೆಕೆಂಡು, ಅಂದರೆ 2019-04-14_073512 ಇಂಥ ಹೆಸರು ಎಲ್ಲಿಗೆ ಹೋದರೂ ಕೆಡುವುದಿಲ್ಲ. ಚಿತ್ರಗಳನ್ನು ಆಯ್ದು ಎಫ್2 ಒತ್ತಿದರೆ ಸಾವಿರ ಫೈಲಿಗೂ ಒಟ್ಟಿಗೇ ಹೀಗೆ ಹೆಸರಿಡಬಹುದು. ಊರು, ಜನ, ಜಾತ್ರೆ, ಗೃಹಪ್ರವೇಶ ಎಲ್ಲ ಟ್ಯಾಗಿಗೆ ಇರಲಿ. ‘ಅಜ್ಜಿಮನೆ’ ಮತ್ತು ‘ಅಜ್ಜಿ ಮನೆ’ ಎರಡು ಬೇರೆ ಟ್ಯಾಗುಗಳಾಗುತ್ತವೆ, ಆದ್ದರಿಂದ ಕಾಗುಣಿತವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಹೆಸರಿಡುವ ಮೊದಲು ತಾರೀಕು ಸರಿಯಿರಬೇಕು. ಡಿಜಿಕ್ಯಾಮ್ ನಿಜವಾಗಿ ಕೈಹಿಡಿಯುವುದು ಇಲ್ಲಿ. ಮದುವೆಯ ಪೆನ್‌ಡ್ರೈವ್ ತೆಗೆದುಕೊಳ್ಳಿ: ಇಬ್ಬರು ಛಾಯಾಗ್ರಾಹಕರು, ಎರಡು ಕ್ಯಾಮೆರಾ, ಎರಡು ಗಡಿಯಾರ. ಸಮಯದ ಪ್ರಕಾರ ಜೋಡಿಸಿದರೆ ಮಾಂಗಲ್ಯಧಾರಣೆಯ ನಡುವೆ ಊಟದ ಪಂಕ್ತಿ ಬಂದು ಕೂರುತ್ತದೆ. ಕ್ಯಾಮೆರಾ ಮಾದರಿಯ ಪ್ರಕಾರ ಬೇರ್ಪಡಿಸಿ. ಎರಡರಲ್ಲೂ ಸಿಕ್ಕಿರುವ ಒಂದೇ ಕ್ಷಣ ಹುಡುಕಿ. ಧಾರೆ ಎರೆಯುವಾಗ ನೀರು ಬೀಳುವ ಕ್ಷಣ, ಅಥವಾ ಅಂತರಪಟ ಸರಿಯುವ ಕ್ಷಣ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಒಂದರಲ್ಲಿ 9:41:20, ಇನ್ನೊಂದರಲ್ಲಿ 9:34:05 ಎಂದಿದ್ದರೆ ವ್ಯತ್ಯಾಸ 7 ನಿಮಿಷ 15 ಸೆಕೆಂಡು. ಯಾವ ಗಡಿಯಾರ ಸರಿ ಎಂದು ಅತಿಥಿಗಳ ಮೊಬೈಲ್ ಫೋಟೋ ನೋಡಿ ತೀರ್ಮಾನಿಸಿ. ತಪ್ಪಿರುವ ಕ್ಯಾಮೆರಾದ ಚಿತ್ರಗಳನ್ನೆಲ್ಲ ಆಯ್ದು, ಐಟಂ ಮೆನುವಿನ ಸಮಯ ಹೊಂದಿಸುವ ಸಾಧನದಲ್ಲಿ ಅಷ್ಟನ್ನು ಕೂಡಿಸಿ ಅಥವಾ ಕಳೆಯಿರಿ.

ವಿಡಿಯೋ ಇನ್ನೊಂದು ಬಗೆಯಲ್ಲಿ ಕೈಕೊಡುತ್ತದೆ. ಎಂಪಿ4 ನಿಯಮದ ಪ್ರಕಾರ ಅದರೊಳಗಿನ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರಬೇಕು. ಹೆಚ್ಚಿನ ಫೋನುಗಳು ಹಾಗೇ ಬರೆಯುತ್ತವೆ, ಕೆಲವು ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಸಮಯವಲಯ ಪರಿವರ್ತಿಸದೆ ಓದಿದರೆ 9:30ರ ಮುಹೂರ್ತದ ವಿಡಿಯೋ ಬೆಳಗಿನ ಜಾವ 4:00ಕ್ಕೆ ಹೋಗಿ ಕೂರುತ್ತದೆ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಬೇರೆ ಕಾರಣ ಹುಡುಕುವುದೇ ಬೇಡ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಅಪ್ಪ-ಅಮ್ಮ ಕ್ಯಾಮೆರಾ ಗಡಿಯಾರ ಬದಲಿಸಿರದಿದ್ದರೆ ಹನ್ನೆರಡೂವರೆ ಗಂಟೆ ಹಿಂದಕ್ಕೆ ಸರಿಸಬೇಕು.

ವಾಟ್ಸ್ಆ್ಯಪ್ ಫೋಟೋಗಳ ಎಕ್ಸಿಫ್ (ಕ್ಯಾಮೆರಾ ಚಿತ್ರದೊಳಗೆ ಬರೆಯುವ ತಾರೀಕು ಮುಂತಾದ ಮಾಹಿತಿ) ದಾರಿಯಲ್ಲೇ ಅಳಿಸಿಹೋಗಿರುತ್ತದೆ, ಉಳಿಯುವುದು ಫೈಲಿನ ಹೆಸರಿನಲ್ಲಿರುವ ತಾರೀಕು ಮಾತ್ರ. ಸಮಯ ಹೊಂದಿಸುವ ಸಾಧನ ಅದನ್ನು ಹೆಸರಿನಿಂದಲೇ ಓದಬಲ್ಲದು. ಅದು ಫೋಟೋ ನಿಮ್ಮ ಫೋನಿಗೆ ಬಂದ ದಿನ, ತೆಗೆದ ದಿನವಲ್ಲ ಎಂಬುದು ನೆನಪಿರಲಿ. ಒಳ್ಳೆಯ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ನೆಂಟರಿಗೆ ಹೇಳಿ. ಆಗ ಎಕ್ಸಿಫ್ ಉಳಿಯುತ್ತದೆ.

ಮುಖ ಗುರುತಿಸುವಿಕೆ ಪರವಾಗಿಲ್ಲ, ಗೂಗಲ್‌ನಷ್ಟು ಚುರುಕಿಲ್ಲ. ಇದಕ್ಕೆ ಬೇಕಾದ ಮಾದರಿಗಳನ್ನು ಅದು ಪ್ರತ್ಯೇಕವಾಗಿ ಇಳಿಸಿಕೊಳ್ಳುತ್ತದೆ, ಆಮೇಲೆ ಎಲ್ಲ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಪ್ರತಿ ವ್ಯಕ್ತಿಗೆ ಬೇರೆ ಬೇರೆ ವಯಸ್ಸಿನ, ಬೇರೆ ಬೆಳಕಿನ ಹತ್ತಿಪ್ಪತ್ತು ಮುಖಗಳಿಗೆ ಕೈಯಾರೆ ಹೆಸರು ಕೊಟ್ಟು ನಂತರ ರಾತ್ರಿ ಓಡಲು ಬಿಡಿ. ಅಕ್ಕತಂಗಿಯರು ಮತ್ತು ಕೂಸುಗಳಲ್ಲಿ ತಪ್ಪುವುದು ಜಾಸ್ತಿ. ಅದರ ಊಹೆಯನ್ನು ಒಪ್ಪಿದ ಮೇಲಷ್ಟೇ ಹೆಸರು ಖಾಯಂ ಆಗುವುದರಿಂದ ಗಾಬರಿಯಿಲ್ಲ.

ಒಂದೇ ಚಿತ್ರದ ನಕಲು ಪ್ರತಿಗಳನ್ನು ಹುಡುಕುವಾಗ ಮಾತ್ರ ಅವಸರ ಬೇಡ. ಮೊದಲು ಫಿಂಗರ್‌ಪ್ರಿಂಟ್, ಅಂದರೆ ಪ್ರತಿ ಚಿತ್ರದ ರೂಪದ ಗುರುತು, ಕಟ್ಟಬೇಕು, ಕಟ್ಟದೆ ಹುಡುಕಿದರೆ ಏನೂ ಸಿಗುವುದಿಲ್ಲ. ಅದು ಹೋಲಿಸುವುದು ಚಿತ್ರದ ರೂಪವನ್ನು, ಬೈಟುಗಳನ್ನಲ್ಲ. 12 ಮೆಗಾಪಿಕ್ಸೆಲ್ ಮೂಲವೂ ಅದರ ವಾಟ್ಸ್ಆ್ಯಪ್ ಕುಗ್ಗಿದ ಪ್ರತಿಯೂ ಹೆಚ್ಚುಕಮ್ಮಿ ಪೂರ್ತಿ ಹೋಲಿಕೆ ತೋರಿಸುತ್ತವೆ. ಅಳತೆ ನೋಡದೆ ಅಳಿಸಿದರೆ ಮೂಲವೇ ಹೋದೀತು. ಅಳಿಸಿದ್ದು ವಿಂಡೋಸಿನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಸಂಗ್ರಹದ ಮೂಲ ಫೋಲ್ಡರಿನಲ್ಲಿರುವ ಡಿಜಿಕ್ಯಾಮಿನದೇ ಕಸದ ಫೋಲ್ಡರಿಗೆ ಹೋಗುತ್ತದೆ. 40 ಜಿಬಿ ಅಳಿಸಿದರೂ ಡಿಸ್ಕ್ ಜಾಗ ಹೆಚ್ಚಲಿಲ್ಲ ಎನ್ನುವವರು ಎಡಬದಿಯ ಆಲ್ಬಂ ಪಟ್ಟಿಯಲ್ಲಿ ಆ ಕಸದ ಬುಟ್ಟಿ ತೆರೆದು ಖಾಲಿ ಮಾಡಬೇಕು.

ದೊಡ್ಡ ಕೊರತೆಯೆಂದರೆ ಫೋನು. ಡಿಜಿಕ್ಯಾಮ್‌ಗೆ ಮೊಬೈಲ್ ಆ್ಯಪ್ ಇಲ್ಲ. ಇದಕ್ಕೆ ಸದ್ಯದ ಒಳ್ಳೆಯ ಜೋಡಿ ಇಮ್ಮಿಚ್. ಮನೆಯದೇ ಒಂದು ಯಂತ್ರದಲ್ಲಿ, ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಮೂಲಕ ಓಡುವ ಇದು ನೋಡಲು ಗೂಗಲ್ ಫೋಟೋಸ್‌ನಂತೆಯೇ ಇದೆ. ಯಂತ್ರ ಸದಾ ಆನ್ ಇರಬೇಕು, ಕರೆಂಟ್ ಹೋಗಿಬರುವ ಊರಾದರೆ ಯುಪಿಎಸ್ ಬೇಕೇ ಬೇಕು. ಡಿಜಿಕ್ಯಾಮ್ ಜೋಡಿಸಿದ ಫೋಲ್ಡರನ್ನು ಅದಕ್ಕೆ ಎಕ್ಸ್‌ಟರ್ನಲ್ ಲೈಬ್ರರಿಯಾಗಿ, ಓದಲು ಮಾತ್ರ ಅನುಮತಿ ಕೊಟ್ಟು ತೋರಿಸಿ. ಆಡಳಿತದ ಮೆಟಾಡೇಟಾ ಸೆಟ್ಟಿಂಗಿನಲ್ಲಿ ಮುಖಗಳನ್ನು ಆಮದು ಮಾಡಿಕೊಳ್ಳುವ ಗುಂಡಿಯನ್ನು ಮೊದಲ ಸ್ಕ್ಯಾನಿಗೂ ಮುನ್ನ ಒತ್ತಿ, ಡಿಜಿಕ್ಯಾಮಿನಲ್ಲಿ ಕೊಟ್ಟ ಹೆಸರುಗಳು ಅಲ್ಲಿಗೂ ಬರುತ್ತವೆ.

ಒಟ್ಟು ಸಂಗ್ರಹವನ್ನು ಒಪ್ಪಿಸುವ ಮೊದಲು ಇನ್ನೂರು ಫೋಟೋ ನಕಲು ಮಾಡಿ ಬೇರೆ ಫೋಲ್ಡರಿನಲ್ಲಿಡಿ: ಒಂದಿಷ್ಟು ಜೆಪೆಗ್, ಐಫೋನಿನ ಹೈಕ್, ರಾ, ವಿಡಿಯೋ, ವಾಟ್ಸ್ಆ್ಯಪ್ ಎಲ್ಲ ಬೆರೆಸಿ. ಕನ್ನಡದ ಉದ್ದ ಟ್ಯಾಗೊಂದು, ಒಂದು ಮುಖ, ಒಂದು ಟಿಪ್ಪಣಿ, ಒಂದು ಸ್ಥಳ ಹಾಕಿ ಡಿಜಿಕ್ಯಾಮ್ ಮುಚ್ಚಿ. ಆ ಫೋಲ್ಡರನ್ನು ಡಿಜಿಕ್ಯಾಮ್ ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಒಯ್ದು ಎಕ್ಸ್‌ಎನ್‌ವ್ಯೂ ಎಂಪಿ ಎಂಬ ಚಿತ್ರ ನೋಡುವ ತಂತ್ರಾಂಶದಲ್ಲಿ ತೆರೆದು ಏನೇನು ಬಂದಿದೆ ನೋಡಿ. ವಿಡಿಯೋಗಳ ಟ್ಯಾಗು ಬಂದಿಲ್ಲದಿದ್ದರೆ, ಅವಕ್ಕೂ ಪಕ್ಕದ ಎಕ್ಸ್‌ಎಂಪಿ ಬರೆಯುವಂತೆ ಸೆಟ್ಟಿಂಗ್ ಬದಲಿಸಿ ಇನ್ನೊಮ್ಮೆ ಮಾಡಿ.