ಫ್ಲೂಯೆಂಟ್‌ಡಿಯಿಂದ ಫ್ಲೂಯೆಂಟ್ ಬಿಟ್‌ಗೆ ಬಂದೆ, ಆದರೆ ಉದ್ದ ಸಾಲುಗಳ ವಿಷಯದಲ್ಲಿ ಎಚ್ಚರ

ಚಿಕ್ಕ ಸರ್ವರ್‌ಗಳಲ್ಲಿ ಲಾಗ್, ಅಂದರೆ ಪ್ರೋಗ್ರಾಮ್‌ಗಳು ಬರೆದಿಡುವ ದಾಖಲೆ ಸಾಲುಗಳನ್ನು ಕಲೆಹಾಕಿ ಬೇರೆಡೆಗೆ ಕಳಿಸಲು ಏನು ಹಾಕಲಿ ಎಂದು ಯಾರಾದರೂ ಕೇಳಿದರೆ ನಾನು ಫ್ಲೂಯೆಂಟ್ ಬಿಟ್ ಎಂದೇ ಹೇಳುತ್ತೇನೆ. ಮೊದಲು ಎಲ್ಲ ಕಡೆ ಫ್ಲೂಯೆಂಟ್‌ಡಿ ಓಡಿಸುತ್ತಿದ್ದೆ. ಅದನ್ನು ತೆಗೆದು ಇದಕ್ಕೆ ಬಂದ ಮೇಲೆ ಮತ್ತೆ ಹಿಂದಕ್ಕೆ ಹೋಗಬೇಕು ಅನ್ನಿಸಿಲ್ಲ.

ಎರಡೂ ಒಂದೇ ಬಳಗದವು. 2011ರಲ್ಲಿ ಟ್ರೆಷರ್ ಡೇಟಾ ಕಂಪನಿಯಲ್ಲಿ ಸದಾಯುಕಿ ಫುರುಹಾಶಿ ಶುರು ಮಾಡಿದ ಫ್ಲೂಯೆಂಟ್‌ಡಿ ಬಹುಪಾಲು ರೂಬಿಯಲ್ಲಿದೆ. ಫ್ಲೂಯೆಂಟ್ ಬಿಟ್ ಆಮೇಲೆ ಬಂದದ್ದು, ಮೊದಲಿಗೆ ಎಂಬೆಡೆಡ್ ಸಾಧನಗಳಿಗೆಂದು, ಪೂರ್ತಿ ಸಿ ಭಾಷೆಯಲ್ಲಿ. ನನ್ನ ಲೆಕ್ಕಾಚಾರವೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿದೆ. ನನ್ನವು 1 ಜಿಬಿ ಮೆಮೊರಿಯ ವರ್ಚುವಲ್ ಮಷೀನ್‌ಗಳು. ಅದರಲ್ಲೇ ಅಪ್ಲಿಕೇಶನ್ನೂ ಇರಬೇಕು, ಡೇಟಾಬೇಸೂ ಇರಬೇಕು. ಫ್ಲೂಯೆಂಟ್‌ಡಿ ಹಾಕಿದರೆ ಮೇಲ್ವಿಚಾರಣೆಗೊಂದು, ಕೆಲಸಕ್ಕೊಂದು ಎಂದು ಎರಡು ರೂಬಿ ಪ್ರೊಸೆಸ್‌ಗಳು ಏಳುತ್ತವೆ. ಪ್ಲಗಿನ್‌ಗಳು, ಅಂದರೆ ಹೆಚ್ಚುವರಿ ಕೆಲಸದ ತುಣುಕುಗಳು ಸೇರಿದಷ್ಟೂ ಅವು ಊದಿಕೊಳ್ಳುತ್ತವೆ. ಲಾಗ್ ಸಾಗಿಸುವ ಪ್ರೋಗ್ರಾಮ್ ಡೇಟಾಬೇಸ್‌ನ ಪಾಲಿನ ಮೆಮೊರಿಗೆ ಕೈ ಹಾಕುವುದನ್ನು ನನ್ನಿಂದ ಒಪ್ಪಲಾಗದು. ಫ್ಲೂಯೆಂಟ್ ಬಿಟ್ ಬಂದ ಮೇಲೆ ಯಾವ ಪ್ರೊಸೆಸ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಟಾಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಬೇಕಾಯಿತು, ಅಷ್ಟು ಚಿಕ್ಕದು.

ಈಗ ನನ್ನನ್ನು ನಿಜಕ್ಕೂ ಕಾಡಿದ ತೊಡಕಿಗೆ ಬರುತ್ತೇನೆ. ಅದು ನನ್ನ ಮೆಚ್ಚಿನ ಫ್ಲೂಯೆಂಟ್ ಬಿಟ್‌ನಲ್ಲೇ ಇದೆ.

ನಮ್ಮ ಅಪ್ಲಿಕೇಶನ್ ಜೇಸನ್ ರೂಪದಲ್ಲಿ ಲಾಗ್ ಬರೆಯುತ್ತದೆ. ಎಲ್ಲಾದರೂ ಎರರ್ ಬಂದರೆ ಆಚೆಯಿಂದ ಬಂದ ಉತ್ತರವನ್ನು ಇಡಿಯಾಗಿ ಒಂದೇ ಸಾಲಿಗೆ ಸುರಿಯುತ್ತದೆ. ಫೈಲ್ ಓದುವ ಟೇಲ್ ಇನ್‌ಪುಟ್‌ಗೆ ಫ್ಲೂಯೆಂಟ್ ಬಿಟ್ ತಾನಾಗಿ ಕೊಡುವ ಬಫರ್, ಅಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ, 32 ಕೆಬಿ. ಸಾಲು ಅದಕ್ಕಿಂತ ಉದ್ದವಾದರೆ ಆ ಸಾಲನ್ನಷ್ಟೇ ಬಿಟ್ಟು ಮುಂದೆ ಹೋಗುತ್ತದೆ ಎಂದುಕೊಳ್ಳುವುದು ಸಹಜ. ನಾನು ಬಳಸಿದ ಆವೃತ್ತಿಯಲ್ಲಿ ಹಾಗಿರಲಿಲ್ಲ: ಇಡೀ ಫೈಲನ್ನೇ ಓದುವುದು ನಿಲ್ಲಿಸುತ್ತಿತ್ತು. ತನ್ನ ಸ್ವಂತ ಲಾಗ್‌ನಲ್ಲಿ, ಸಾಲು ಬಹಳ ಉದ್ದವಾಗಿದೆ, ಫೈಲ್ ಬಿಡುತ್ತಿದ್ದೇನೆ ಎಂದು ಒಂದೇ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು.

ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಸರ್ವಿಸ್ ಚಾಲೂ ಇರುತ್ತದೆ, ಬೇರೆ ಫೈಲ್‌ಗಳ ಲಾಗ್ ಬರುತ್ತಲೇ ಇರುತ್ತದೆ. ನಿಂತಿರುವುದು ಎರರ್ ಫೈಲ್ ಮಾತ್ರ, ಏಕೆಂದರೆ ಉದ್ದ ಸಾಲು ಬೀಳುವುದೇ ಅಲ್ಲಿ. ಹಾಗಾಗಿ ಡ್ಯಾಶ್‌ಬೋರ್ಡ್‌ನಲ್ಲಿ ಎರರ್ ಸೊನ್ನೆ, ಎಲ್ಲ ಹಸಿರು. ಮಧ್ಯರಾತ್ರಿ ಲಾಗ್ ರೊಟೇಟ್ ಆದಾಗ, ಅಂದರೆ ಹಳೆಯ ಫೈಲ್ ಪಕ್ಕಕ್ಕೆ ಸರಿದಾಗ, ಹೊಸ ಫೈಲ್ ಹುಟ್ಟುತ್ತದೆ, ಅದನ್ನು ಮತ್ತೆ ಓದತೊಡಗುತ್ತದೆ. ಬೆಳಗ್ಗೆ ನೋಡಿದರೆ ಎಲ್ಲ ಸರಿ, ಮಧ್ಯಾಹ್ನ ಮತ್ತೆ ಮೌನ. ನೆಟ್‌ವರ್ಕ್ ತೊಂದರೆಯೋ, ಸಂಗ್ರಹದ ಕಡೆಯ ತೊಂದರೆಯೋ ಎಂದು ಎಲ್ಲೆಲ್ಲೋ ಹುಡುಕಿಸುವಂಥ ದೋಷ ಇದು. ಫ್ಲೂಯೆಂಟ್‌ಡಿ ಇದ್ದಾಗ ಅಷ್ಟುದ್ದದ ಸಾಲುಗಳು ತಕರಾರಿಲ್ಲದೆ ದಾಟಿಹೋಗುತ್ತಿದ್ದವು.

ಪರಿಹಾರ ಎರಡು ಸೆಟ್ಟಿಂಗ್‌ಗಳಲ್ಲಿದೆ. 'ಸ್ಕಿಪ್ ಲಾಂಗ್ ಲೈನ್ಸ್' ಆನ್ ಮಾಡಬೇಕು. ಆಗ ಉದ್ದದ ಸಾಲೊಂದೇ ಬಿಟ್ಟುಹೋಗುತ್ತದೆ, ಫೈಲ್ ನಿಲ್ಲುವುದಿಲ್ಲ. ಆ ಸಾಲೂ ಬೇಕೆಂದರೆ 'ಬಫರ್ ಮ್ಯಾಕ್ಸ್ ಸೈಜ್' ಹೆಚ್ಚಿಸಬೇಕು, ನಾನು 1 ಎಂಬಿ ಇಟ್ಟಿದ್ದೇನೆ. ಇಷ್ಟಕ್ಕೇ ಬಿಡಬೇಡಿ. ಮುಖ್ಯವಾದ ಪ್ರತಿ ಫೈಲ್‌ಗೂ ಬೇರೆ ಇನ್‌ಪುಟ್ ಬರೆದು ಅದಕ್ಕೊಂದು ಹೆಸರು ಕೊಡಿ. ಎಚ್‌ಟಿಟಿಪಿ ಸರ್ವರ್ ಆನ್ ಮಾಡಿದರೆ 2020ನೇ ಪೋರ್ಟ್‌ನಲ್ಲಿ ಯಾವ ಇನ್‌ಪುಟ್‌ನಿಂದ ಎಷ್ಟು ದಾಖಲೆ ಬಂತು ಎಂಬ ಎಣಿಕೆ ಸಿಗುತ್ತದೆ. ಎಣಿಕೆ ಏರುವುದು ನಿಂತರೆ ಅಲರ್ಟ್ ಬರಲಿ. ಎಲ್ಲ ಫೈಲನ್ನೂ ಹಿಡಿಯುವ ಒಂದೇ ನಕ್ಷತ್ರ ಚಿಹ್ನೆಯ (*) ಇನ್‌ಪುಟ್‌ಗೆ ತುರುಕಿದರೆ ಒಂದು ಫೈಲ್ ಸತ್ತದ್ದು ಉಳಿದವುಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು, ಮರುಪ್ರಯತ್ನದ್ದು. ಲಾಗ್ ಸೇರಬೇಕಾದ ಜಾಗ ಕೈಕೊಟ್ಟಾಗ ಫ್ಲೂಯೆಂಟ್‌ಡಿ ತಾನಾಗಿ 72 ಗಂಟೆ ಪಟ್ಟು ಹಿಡಿಯುತ್ತದೆ. ಫ್ಲೂಯೆಂಟ್ ಬಿಟ್ ಇನ್ನೊಮ್ಮೆ ಯತ್ನಿಸಿ ಕೈಬಿಡುತ್ತದೆ. ಎಷ್ಟು ಸಲ ಯತ್ನಿಸಬೇಕೆಂದು ಹೇಳುವ 'ರಿಟ್ರೈ ಲಿಮಿಟ್' ಬದಲಿಸಿ, ಕಳಿಸಲು ಕಾದಿರುವ ಲಾಗ್‌ನ ಬಫರ್ ಅನ್ನು ಡಿಸ್ಕ್ ಮೇಲೆ ಇಡಿ.

ಎರರ್ ಎಲ್ಲಿ ಹುಟ್ಟಿತೆಂದು ಹೇಳುವ ಹಲವು ಸಾಲಿನ ಜಾವಾ, ಪೈಥಾನ್ ಟ್ರೇಸ್‌ಗಳನ್ನು ಒಂದೇ ದಾಖಲೆಯಾಗಿ ಜೋಡಿಸಲು ಫ್ಲೂಯೆಂಟ್ ಬಿಟ್‌ನಲ್ಲಿ ಸಿದ್ಧ ಪಾರ್ಸರ್‌ಗಳಿವೆ, ನನಗೆ ಅಷ್ಟು ಸಾಕಾಯಿತು. ಎಲ್ಲಿಯವರೆಗೆ ಓದಿದೆ ಎಂಬುದನ್ನು ಫ್ಲೂಯೆಂಟ್‌ಡಿ ಸಾದಾ ಪಠ್ಯದಲ್ಲಿ ಬರೆದಿಡುತ್ತದೆ, ಕಣ್ಣಲ್ಲೇ ಓದಬಹುದು. ಫ್ಲೂಯೆಂಟ್ ಬಿಟ್ ಅದನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇಡುತ್ತದೆ. ಕಾನ್ಫಿಗ್ ಯಾಮಲ್‌ನಲ್ಲಿ ಬರೆಯಬಹುದು, ನನ್ನ ಕೈ ಕೂತಿರುವುದೂ ಅದರಲ್ಲೇ.

ಪ್ಲಗಿನ್‌ಗಳ ವಿಷಯದಲ್ಲಿ ಮಾತ್ರ ಫ್ಲೂಯೆಂಟ್‌ಡಿಗೆ ಸಾಟಿಯಿಲ್ಲ. ಅಲ್ಲಿ ಸಾವಿರದ ಮೇಲಿವೆ, ಇಲ್ಲಿ ನೂರರ ಆಸುಪಾಸಿನ ಲೆಕ್ಕ. ಲಾಗ್‌ನಲ್ಲಿ ಬರುವ ಫೋನ್ ನಂಬರ್ ಮರೆಮಾಡುವಂಥ ಕೆಲಸ ನನಗೆ ಫ್ಲೂಯೆಂಟ್ ಬಿಟ್ ಒಳಗೇ ಓಡುವ ಲುವಾ ಭಾಷೆಯ ನಾಲ್ಕಾರು ಸಾಲಿನಲ್ಲಿ ಮುಗಿಯುತ್ತದೆ. ನಿಮ್ಮಲ್ಲಿ ರೂಬಿ ಬಲ್ಲವರಿದ್ದು, ಮೆಮೊರಿ ಧಾರಾಳವಾಗಿದ್ದು, ಲಾಗ್ ಯಾವುದೋ ಅಪರೂಪದ ಸಂಗ್ರಹಕ್ಕೆ ಹೋಗಬೇಕಿದ್ದರೆ ಫ್ಲೂಯೆಂಟ್‌ಡಿ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಲಾಗ್ ದಾಟಿಸುವ ಫಾರ್ವರ್ಡ್ ಪ್ರೋಟೋಕಾಲ್ ಎರಡಕ್ಕೂ ಗೊತ್ತಿರುವುದರಿಂದ ಜೊತೆಯಲ್ಲೂ ಇಡಬಹುದು. ನಾನೂ ಒಂದು ದೊಡ್ಡ ಮಷೀನ್ ಮೇಲೆ ಫ್ಲೂಯೆಂಟ್‌ಡಿ ಉಳಿಸಿಕೊಂಡಿದ್ದೇನೆ: ಚಿಕ್ಕ ಸರ್ವರ್‌ಗಳ ಫ್ಲೂಯೆಂಟ್ ಬಿಟ್‌ಗಳೆಲ್ಲ 24224ನೇ ಪೋರ್ಟ್‌ಗೆ ಕಳಿಸುತ್ತವೆ, ಹಳೆಯ ಸಂಗ್ರಹಕ್ಕೆ ಬರೆಯುವ ಪ್ಲಗಿನ್ ಅಲ್ಲಿ ಮಾತ್ರ ಇದೆ.