ಕಾಟೊ ಯೂನಿಟ್ರ್ಯಾಕ್: ಮಾದರಿ ರೈಲಿನ ಹೊಸಬರು ಎಂಜಿನ್ನಿಗಿಂತ ಮೊದಲು ನೋಡಬೇಕಾದ ಹಳಿ

ಮಾದರಿ ರೈಲಿನ ಹವ್ಯಾಸಕ್ಕೆ ಇಳಿಯುವವರ ಕಣ್ಣು ಮೊದಲು ಬೀಳುವುದು ಎಂಜಿನ್ನಿನ ಮೇಲೆ. ಆದರೆ ಕೊಂಡ ರೈಲು ಓಡುತ್ತಲೇ ಇರುತ್ತದೆಯೋ ಅಥವಾ ಆರು ತಿಂಗಳಲ್ಲಿ ಅಟ್ಟ ಸೇರುತ್ತದೆಯೋ ಎಂಬುದು ಬಹುಮಟ್ಟಿಗೆ ಹಳಿಯನ್ನು ಅವಲಂಬಿಸಿದೆ. ಜಪಾನಿನ ಕಾಟೊ ಕಂಪನಿಯ ಎನ್ ಸ್ಕೇಲಿನ ಯೂನಿಟ್ರ್ಯಾಕ್ ಹಳಿಗಳನ್ನು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹಳಿಗೆಂದೇ ಪ್ರತ್ಯೇಕ ಕೋಣೆ ಇಲ್ಲದ, ಆಟ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬಬೇಕಾದ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ವಸ್ತು ಎಂಬುದು ನನ್ನ ಅಭಿಪ್ರಾಯ.

ಎನ್ ಸ್ಕೇಲಿನಲ್ಲಿ ಸಾಮಾನ್ಯವಾಗಿ ಎಲ್ಲವೂ ನಿಜದ 160ನೇ ಒಂದು ಭಾಗದಷ್ಟಿರುತ್ತದೆ. ಹಳಿಗಳ ನಡುವಿನ ಅಂತರ 9 ಮಿ.ಮೀ. ಇದಕ್ಕಿಂತ ಹೆಚ್ಚು ಜನಪ್ರಿಯವಾದ ಎಚ್‌ಒ ಸ್ಕೇಲು 1:87ರದು, ಅದರ ಹಳಿಯ ಅಗಲ 16.5 ಮಿ.ಮೀ. ಎಚ್‌ಒ ಬೋಗಿಗಳು ಕೈಗೆ ತುಂಬುತ್ತವೆ, ಕಣ್ಣಿಗೂ ಹಿತ; ಆದರೆ ಅಮೆರಿಕದ ಆರಂಭಿಕ ಸೆಟ್ಟುಗಳಲ್ಲಿ ಸಾಮಾನ್ಯವಾದ 18 ಅಂಗುಲ ತ್ರಿಜ್ಯದ ಸುತ್ತಿಗೇ ಮೂರು ಅಡಿಗಿಂತ ಹೆಚ್ಚು ಅಗಲದ ಜಾಗ ಬೇಕು. ಯೂನಿಟ್ರ್ಯಾಕ್‌ನ 315 ಮಿ.ಮೀ. ತ್ರಿಜ್ಯದ ಸುತ್ತು ಎರಡು ಅಡಿಗಿಂತ ತುಸು ಹೆಚ್ಚಿನ ಅಗಲದಲ್ಲಿ ಮುಗಿಯುವುದರಿಂದ ಊಟದ ಮೇಜಿನ ಮೇಲೆಯೇ ಕೂರುತ್ತದೆ.

ಪ್ರತಿ ತುಂಡಿನಲ್ಲೂ ಹಳಿ, ಸ್ಲೀಪರ್ ಮತ್ತು ಜಲ್ಲಿಯಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ ತಳ ಒಂದೇ ಆಗಿ ಬೆಸೆದುಕೊಂಡಿವೆ. ತುದಿಯಲ್ಲಿ ಯೂನಿಜಾಯ್ನರ್ ಎಂಬ ಸಣ್ಣ ಕೊಂಡಿಯಿದ್ದು, ಎರಡು ತುಂಡುಗಳನ್ನು ಎದುರುಬದುರು ಇಟ್ಟು ಒತ್ತಿದರೆ ಟಕ್ ಎಂದು ಕೂಡಿಕೊಳ್ಳುತ್ತವೆ. ಹಳಿಗಳನ್ನು ಹಿಡಿದಿಡುವುದೂ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತನ್ನು ದಾಟಿಸುವುದೂ ಇದೇ ಕೊಂಡಿ. ಪದೇ ಪದೇ ಜೋಡಿಸಿ ಬಿಚ್ಚಿದ ಮೇಲೂ ನನ್ನಲ್ಲಿರುವ ತುಂಡುಗಳ ಹಿಡಿತ ಸಡಿಲವಾಗಿಲ್ಲ. ಒಂದುವೇಳೆ ಕೊಂಡಿ ಸವೆದರೂ ಅದೊಂದನ್ನೇ ತೆಗೆದು ಹೊಸದು ಹಾಕಬಹುದು. ಬೆರಳ ತುದಿಯನ್ನು ಸಂದಿಯ ಮೇಲೆ ಆಡಿಸಿದಾಗ ಉಬ್ಬುತಗ್ಗು ತಾಗದಿದ್ದರೆ ಗಾಲಿಗಳು ಹಳಿ ತಪ್ಪುವ ಪ್ರಮೇಯ ಕಡಿಮೆ. ಹೊಸಬರು ಪ್ರತಿ ಜೋಡಣೆಯ ನಂತರ ಇದನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.

ಹಳಿಯ ಲೋಹ ನಿಕಲ್ ಸಿಲ್ವರ್. ಅಗ್ಗದ ಸೆಟ್ಟುಗಳ ಉಕ್ಕಿನ ಹಳಿಯಂತೆ ಇದು ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ. ಆದರೆ ಧೂಳಿಗೆ ಯಾವ ಲೋಹವೂ ಹೊರತಲ್ಲ: ಕೆಲವು ದಿನ ಹಾಗೇ ಬಿಟ್ಟರೆ ಹಳಿಯ ನೆತ್ತಿಯ ಮೇಲೂ ಗಾಲಿಗಳ ಮೇಲೂ ಕಪ್ಪು ಜಿಡ್ಡು ಕಟ್ಟಿ, ಎಂಜಿನ್ ತಡವರಿಸುತ್ತದೆ, ಅದರ ದೀಪ ಮಿಣುಕುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಮರಳು ಕಾಗದವನ್ನು ಮಾತ್ರ ಹತ್ತಿರ ತರಬಾರದು, ಏಕೆಂದರೆ ಅದರಿಂದಾಗುವ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಸೇರಿಕೊಳ್ಳುತ್ತದೆ. ನೆಲದ ಮೇಲೆ ಹಾಸಿದರೆ ತಲೆಗೂದಲು ಗಾಲಿಗಳ ಅಚ್ಚಿಗೆ ಸುತ್ತಿಕೊಳ್ಳುವುದರಿಂದ ಒಂದು ಪ್ಲೈವುಡ್ ಹಲಗೆ ಇಟ್ಟುಕೊಳ್ಳುವುದು ಮೇಲು.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರಿಕೆ ಬೇಕು. ರೈಲು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಆದರೆ ಜಪಾನಿನ ಮನೆಗಳ ವಿದ್ಯುತ್ 100 ವೋಲ್ಟಿನದು, ನಮ್ಮದು 230ರದು. ಅಲ್ಲಿಗೆಂದು ಮಾಡಿದ ಅಡಾಪ್ಟರನ್ನು ಇಲ್ಲಿನ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಸುತ್ತು ದೊಡ್ಡದಾದಂತೆ ದೂರದ ತುದಿಯಲ್ಲಿ ವೇಗ ಇಳಿಯುತ್ತದೆ, ಆಗ ಅಲ್ಲಿಗೂ ಒಂದು ಜೊತೆ ತಂತಿ ಎಳೆಯಬೇಕು. ಪ್ರತಿ ಎಂಜಿನ್ನನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುವ ಡಿಸಿಸಿ ವ್ಯವಸ್ಥೆಗೆ ಒಂದೇ ಎಂಜಿನ್ ಇರುವಾಗ ಹಣ ಸುರಿಯಬೇಕಾಗಿಲ್ಲ.

ಜಾಗದ ಬಗ್ಗೆ ಇನ್ನಷ್ಟು ಹೇಳಬೇಕು. 315 ಮಿ.ಮೀ. ತಿರುವನ್ನು ನಿಜದ ಅಳತೆಗೆ ಹಿಗ್ಗಿಸಿದರೆ ತ್ರಿಜ್ಯ ಸುಮಾರು 50 ಮೀಟರ್ ಆಗುತ್ತದೆ; ಭಾರತೀಯ ರೈಲ್ವೆಯ ಬ್ರಾಡ್‌ಗೇಜಿನಲ್ಲಿ ಅತಿ ಕಡಿದಾದ ತಿರುವಿಗೂ 175 ಮೀಟರ್ ತ್ರಿಜ್ಯವಿರುತ್ತದೆ. ಆದ್ದರಿಂದ ಉದ್ದನೆಯ ಪ್ರಯಾಣಿಕರ ಬೋಗಿಗಳು ತಿರುವಿನಲ್ಲಿ ಹಳಿಯಿಂದ ಹೊರಗೆ ಚಾಚಿದಂತೆ ಕಾಣುವುದು ಸಹಜ. ಸುಮಾರು 24 ಮೀಟರ್ ಉದ್ದದ ಒಂದು ಎಲ್‌ಎಚ್‌ಬಿ ಬೋಗಿ (ನಮ್ಮ ರೈಲುಗಳ ಹೊಸ ಮಾದರಿಯ ಬೋಗಿ) ಎನ್ ಸ್ಕೇಲಿನಲ್ಲಿ 15 ಸೆಂ.ಮೀ. ಆಗುತ್ತದೆ, ಅಂದರೆ 22 ಬೋಗಿಗಳ ರೈಲಿಗೆ ಮೂರು ಮೀಟರಿಗೂ ಮಿಕ್ಕಿದ ಜಾಗ ಬೇಕು! ಮೇಜಿನ ಮೇಲೆ ನಾಲ್ಕೈದು ಬೋಗಿಗಳಿಗೇ ತೃಪ್ತರಾಗಬೇಕು.

ಸೇತುವೆ ಕಟ್ಟಿ ಒಂದು ಹಳಿಯ ಮೇಲೆ ಇನ್ನೊಂದನ್ನು ಹಾಯಿಸುವ ಆಸೆ ಎಲ್ಲರಿಗೂ ಬರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1ರಷ್ಟಿದೆ. ಅದೇ ಏರಿನಲ್ಲಿ 5 ಸೆಂ.ಮೀ. ಎತ್ತರಕ್ಕೆ ಏರಲು ಎರಡೂವರೆ ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ಏರನ್ನು ಇದಕ್ಕಿಂತ ಕಡಿದಾಗಿಸಿದರೆ ಹಗುರವಾದ ಪುಟ್ಟ ಎಂಜಿನ್ನುಗಳ ಗಾಲಿ ನಿಂತಲ್ಲೇ ಜಾರುತ್ತದೆ. ಮೊದಲ ವರ್ಷ ಸಮತಟ್ಟಾದ ವಿನ್ಯಾಸವೇ ಸಾಕು.

ಕೊರತೆಗಳೂ ಇವೆ. ಆಮದು ಸುಂಕ ಮತ್ತು ಸಾಗಣೆ ವೆಚ್ಚ ಸೇರಿದರೆ ಕೈಯಿಂದ ಬಿಡುವ ಮೊತ್ತ ಪೆಟ್ಟಿಗೆಯ ಮೇಲಿನ ಬೆಲೆಗಿಂತ ಸಾಕಷ್ಟು ಹೆಚ್ಚಾಗುತ್ತದೆ. ಜಲ್ಲಿಯ ಏಕರೂಪದ ಬೂದು ಬಣ್ಣ ಹತ್ತಿರದಿಂದ ನೋಡಿದರೆ ಪ್ಲಾಸ್ಟಿಕ್ಕೆಂದು ಗೊತ್ತಾಗುತ್ತದೆ, ತೆಳುವಾಗಿ ಕಂದು ಬಣ್ಣ ಬಳಿದರೆ ಸುಧಾರಿಸುತ್ತದೆ. ನಮ್ಮ ರೈಲುಗಳನ್ನೇ ಓಡಿಸಬೇಕೆನ್ನುವವರಿಗೆ ಇನ್ನೊಂದು ತೊಡಕಿದೆ: 1676 ಮಿ.ಮೀ. ಬ್ರಾಡ್‌ಗೇಜನ್ನು 160ರಿಂದ ಭಾಗಿಸಿದರೆ ಬರುವುದು ಹತ್ತೂವರೆ ಮಿ.ಮೀ., ಹಳಿ ಇರುವುದು 9 ಮಿ.ಮೀ. ಹಾಗೆ ನೋಡಿದರೆ ಜಪಾನಿನವರೂ ತಮ್ಮ 1067 ಮಿ.ಮೀ. ಹಳಿಯ ರೈಲುಗಳನ್ನು 1:150ರಲ್ಲಿ ಮಾಡಿ, ಲೆಕ್ಕದ ಪ್ರಕಾರ ಏಳು ಮಿ.ಮೀ. ಬರಬೇಕಾದರೂ, ಇದೇ 9 ಮಿ.ಮೀ. ಮೇಲೆ ಓಡಿಸುತ್ತಾರೆ, ಯಾರೂ ತಕರಾರು ಮಾಡಿದಂತಿಲ್ಲ.

ಮುಂದಿನ ಖರೀದಿ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕವಲು ಹಳಿಯಾದರೆ, 4ನೇ ಸಂಖ್ಯೆಯದಕ್ಕಿಂತ ಉದ್ದವಾದ 6ನೇ ಸಂಖ್ಯೆಯದನ್ನು ಆರಿಸಿಕೊಳ್ಳಿ. ಅದರ ಕವಲಿನ ತ್ರಿಜ್ಯ 718 ಮಿ.ಮೀ. ಇರುವುದರಿಂದ ಉದ್ದನೆಯ ಬೋಗಿಗಳು ಸಲೀಸಾಗಿ ಹೊರಳುತ್ತವೆ. ಹೆಚ್ಚಿಗೆ ಹಿಡಿಯುವ ಜಾಗ ತುಂಡಿಗೆ 6 ಸೆಂ.ಮೀ. ಅಷ್ಟೇ.